ಬಾಯ್ಸಿಯ ಆಟಗಾರನನ್ನು ಅಳೆಯುವ ಕೋಲು ಬೇರೆಯೇ?

ಪ್ರಶ್ನೆ: ನಾನು ಹಾಸನದವನು. ಅಮೆರಿಕದ ಐಡಹೊ ರಾಜ್ಯದ ಬಾಯ್ಸಿ ನಗರದಲ್ಲಿ ಎಂಜಿನಿಯರ್ ಆಗಿ ಹನ್ನೊಂದು ವರ್ಷಗಳಿಂದ ನೆಲೆಸಿದ್ದೇನೆ. ಮಗಳು ಇಲ್ಲಿನ ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ, ಮುಂದೆ ಕ್ರೀಡಾ ಪತ್ರಕರ್ತೆಯಾಗಬೇಕೆಂಬ ಆಸೆ ಅವಳಿಗಿದೆ. 2024ರಲ್ಲಿ ತಮ್ಮ ಕಾಲೇಜಿನ ಫುಟ್‌ಬಾಲ್ ಆಟಗಾರ ಆಷ್ಟನ್ ಜೆಂಟಿಗೆ, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ತಪ್ಪಿದಾಗಿನಿಂದ, ‘ನಮ್ಮಂಥ ಕಾಲೇಜುಗಳ ಆಟಗಾರರನ್ನು ಮಾಧ್ಯಮದವರು ಎಂದೂ ಸರಿಯಾಗಿ ನೋಡುವುದಿಲ್ಲ’ ಎನ್ನುತ್ತಾಳೆ. ಇದು ಅಭಿಮಾನಿಗಳ ಅಳಲು ಮಾತ್ರವೇ, ಅಥವಾ ನಿಜವಾಗಿಯೂ ಪಕ್ಷಪಾತವಿದೆಯೇ? ಇದ್ದರೆ ಅದನ್ನು ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ಮಗಳ ಮಾತಿನಲ್ಲಿ ಸತ್ಯವಿದೆ. ಆದರೆ ಆಕೆ ಬೊಟ್ಟು ಮಾಡುತ್ತಿರುವ ಜಾಗದಲ್ಲಿ ಆ ಸತ್ಯ ಅಷ್ಟಾಗಿ ಸಿಗುವುದಿಲ್ಲ. 2024ರ ಮತದಾನವೊಂದನ್ನೇ ಹಿಡಿದುಕೊಂಡು ವಾದಕ್ಕೆ ಇಳಿದರೆ, ಎದುರಿನವರು ಕೇಳುವ ಎರಡೇ ಪ್ರಶ್ನೆಗಳಿಗೆ ವಾದ ಸಡಿಲವಾಗುತ್ತದೆ. ನಾನು ಕಂಡಂತೆ ಪಕ್ಷಪಾತ ಇರುವುದು ಬಹುಮಾನ ಯಾರಿಗೆ ಹೋಯಿತು ಎಂಬುದಕ್ಕಿಂತ ಹೆಚ್ಚಾಗಿ, ಸಾಕ್ಷ್ಯವನ್ನು ತೂಗುವ ರೀತಿಯಲ್ಲಿ. ದೊಡ್ಡ ಹೆಸರಿನ ಕಾಲೇಜಿನ ಆಟಗಾರನ ಒಳ್ಳೆಯ ದಿನವನ್ನು ಅವನ ನಿಜವಾದ ಗುಣವೆಂದೂ ಕೆಟ್ಟ ದಿನವನ್ನು ಆಕಸ್ಮಿಕವೆಂದೂ ಬರೆಯುತ್ತಾರೆ. ಹೆಸರಿಲ್ಲದ ಕಾಲೇಜಿನ ಆಟಗಾರನ ವಿಷಯದಲ್ಲಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕರ್ನಾಟಕದಲ್ಲಿ ಕುಳಿತು ಇದನ್ನು ಓದುವವರಿಗಾಗಿ ಒಂದೆರಡು ಮಾತು. ಇಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. 2024ರಲ್ಲಿ ಕಾಲೇಜು ಆಟದ ಅತ್ಯುನ್ನತ ವಿಭಾಗದಲ್ಲಿ 134 ತಂಡಗಳಿದ್ದವು. ಇಷ್ಟು ತಂಡಗಳು ಪರಸ್ಪರ ಆಡುವುದು ಅಸಾಧ್ಯವಾದ್ದರಿಂದ ಅವು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿ ಸೇರಿಕೊಂಡು ಮುಖ್ಯವಾಗಿ ತಮ್ಮತಮ್ಮೊಳಗೆ ಆಡುತ್ತವೆ. ಎಸ್‌ಇಸಿ, ಬಿಗ್ ಟೆನ್, ಬಿಗ್ 12, ಎಸಿಸಿ ಎಂಬ ನಾಲ್ಕು ಗುಂಪುಗಳು ಹಣ ಮತ್ತು ಹೆಸರು ಎರಡರಲ್ಲೂ ಮೇಲಿವೆ. ಬಾಯ್ಸಿ ಸ್ಟೇಟ್ ಆ ವರ್ಷ ಆಡುತ್ತಿದ್ದ ಮೌಂಟನ್ ವೆಸ್ಟ್ ಆ ನಾಲ್ಕರಲ್ಲಿ ಸೇರಿದ್ದಲ್ಲ. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ 1935ರಿಂದ ಕೊಡುತ್ತ ಬಂದಿರುವ ಹೈಸ್ಮನ್ ಟ್ರೋಫಿಯನ್ನು ನಿರ್ಧರಿಸುವವರು ಬಹುಪಾಲು ಪತ್ರಕರ್ತರೇ. ದೇಶವನ್ನು ಆರು ವಲಯಗಳಾಗಿ ವಿಂಗಡಿಸಿ ಪ್ರತಿ ವಲಯಕ್ಕೆ 145ರಂತೆ 870 ಮಾಧ್ಯಮ ಮತಗಳನ್ನು ಹಂಚಲಾಗಿದೆ. ಹಿಂದಿನ ವಿಜೇತರಿಗೂ ಮತವಿದೆ, ಅಭಿಮಾನಿಗಳೆಲ್ಲರಿಗೆ ಸೇರಿ ಒಂದೇ ಒಂದು ಮತವಿದೆ. ಪ್ರತಿ ಮತದಾರರು ಮೂರು ಹೆಸರು ಬರೆಯಬೇಕು. ಮೊದಲನೆಯವರಿಗೆ 3, ಎರಡನೆಯವರಿಗೆ 2, ಮೂರನೆಯವರಿಗೆ 1 ಅಂಕ.

ಈಗ ಜೆಂಟಿಯ ವಿಷಯ. ಮತದಾನದ ಹೊತ್ತಿಗೆ ಅವರು 13 ಪಂದ್ಯಗಳಲ್ಲಿ ಚೆಂಡು ಹಿಡಿದು 2,497 ಗಜ ಓಡಿದ್ದರು, 29 ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡು ಒಯ್ದು ಪಡೆಯುವ ಗಳಿಕೆ) ಗಳಿಸಿದ್ದರು. ಜಾರ್ಜಿಯಾ ಸದರ್ನ್ ವಿರುದ್ಧ ಮೊದಲ ಪಂದ್ಯದಲ್ಲೇ 267 ಗಜ, 6 ಟಚ್‌ಡೌನ್. ತಂಡ ಆಗಲೇ ಬಹಳ ಮುಂದಿದ್ದ ಕಾರಣ ಪೋರ್ಟ್‌ಲ್ಯಾಂಡ್ ಸ್ಟೇಟ್ ಮತ್ತು ಯೂಟಾ ಸ್ಟೇಟ್ ವಿರುದ್ಧ ಉತ್ತರಾರ್ಧದಲ್ಲಿ ಅವರನ್ನು ಹೊರಗೆ ಕೂರಿಸಲಾಯಿತು. ಇಲ್ಲದಿದ್ದರೆ ಅಂಕಿಗಳು ಇನ್ನಷ್ಟು ಬೆಳೆಯುತ್ತಿದ್ದವು. ಇಡೀ ಋತುವಿನ ಕೊನೆಯಲ್ಲಿ ಅವರ ಒಟ್ಟು ಮೊತ್ತ 2,601 ಗಜ, ಅಂದರೆ ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಮಾಡಿದ 2,628 ಗಜಗಳ ದಾಖಲೆಗೆ 27 ಗಜ ಕಡಿಮೆ. (ಸ್ಯಾಂಡರ್ಸ್ ಆ ಮೊತ್ತವನ್ನು 11 ಪಂದ್ಯಗಳಲ್ಲೇ ಮುಟ್ಟಿದ್ದರು, ಆ ಕಾಲದಲ್ಲಿ ಋತುವಿನ ಕೊನೆಯ ಬೌಲ್ ಪಂದ್ಯದ ಗಳಿಕೆಯನ್ನು ದಾಖಲೆಗೆ ಸೇರಿಸುತ್ತಲೂ ಇರಲಿಲ್ಲ, ಈ ಮಾತನ್ನು ಬಾಯ್ಸಿಯ ಅಭಿಮಾನಿಗಳು ಮರೆಯಬಾರದು.)

ಇಷ್ಟಾದರೂ ಟ್ರೋಫಿ ಹೋದದ್ದು ಕೊಲರಾಡೊದ ಟ್ರಾವಿಸ್ ಹಂಟರ್ ಅವರಿಗೆ, 2,231 ಅಂಕಗಳೊಂದಿಗೆ. ಜೆಂಟಿಗೆ ಸಿಕ್ಕಿದ್ದು 2,017. ವ್ಯತ್ಯಾಸ 214. 2009ರ ನಂತರ ಇಷ್ಟು ಹತ್ತಿರದ ಸ್ಪರ್ಧೆ ನಡೆದಿರಲಿಲ್ಲ. ಎದುರಿನವರು ಕೇಳುವ ಮೊದಲ ಪ್ರಶ್ನೆ ಇಲ್ಲಿ ಬರುತ್ತದೆ: ಮಾಧ್ಯಮಕ್ಕೆ ಬಾಯ್ಸಿಯ ಬಗ್ಗೆ ಅಷ್ಟು ತಾತ್ಸಾರವಿದ್ದರೆ ಜೆಂಟಿಗೆ ಎರಡನೇ ಸ್ಥಾನ, ಅದೂ ಇಷ್ಟು ಕಡಿಮೆ ಅಂತರದಲ್ಲಿ, ಹೇಗೆ ಬಂತು? ಎರಡನೆಯದು ಹಂಟರ್ ಅವರ ಆಟದ ಬಗ್ಗೆ. ಅವರು ದಾಳಿಯಲ್ಲಿ, ಎಸೆದ ಚೆಂಡನ್ನು ಹಿಡಿಯುವ ರಿಸೀವರ್ ಆಗಿ 92 ಕ್ಯಾಚ್, 1,152 ಗಜ, 14 ಟಚ್‌ಡೌನ್ ಮಾಡಿದ್ದಲ್ಲದೆ, ರಕ್ಷಣೆಯಲ್ಲೂ ನಿಂತು ಎದುರಾಳಿಯ ನಾಲ್ಕು ಎಸೆತಗಳನ್ನು ಕಸಿದುಕೊಂಡಿದ್ದರು. ಇಂದಿನ ಆಟದಲ್ಲಿ ಎರಡೂ ಕಡೆ ಪೂರ್ಣಾವಧಿ ಆಡುವವರು ಇಲ್ಲವೆನ್ನುವಷ್ಟು ವಿರಳ. ನನಗೆ ಮತವಿದ್ದಿದ್ದರೆ ಜೆಂಟಿಗೇ ಹಾಕುತ್ತಿದ್ದೆ. ಆದರೆ ಹಂಟರ್‌ಗೆ ಹಾಕಿದವರು ಅನ್ಯಾಯ ಮಾಡಿದರು ಎಂದು ಹೇಳುವ ಧೈರ್ಯ ನನಗಿಲ್ಲ.

ಹಾಗೆಂದು ಈ ಸ್ಪರ್ಧೆಯಿಂದ ಕಲಿಯಬೇಕಾದದ್ದು ಏನೂ ಇಲ್ಲವೆಂದಲ್ಲ. ಕೊಲರಾಡೊ 2023ರಲ್ಲಿ ನಾಲ್ಕು ಪಂದ್ಯ ಗೆದ್ದು ಎಂಟು ಸೋತ ತಂಡ. ಆದರೆ ಅದರ ಕೋಚ್ ಡಿಯಾನ್ ಸ್ಯಾಂಡರ್ಸ್, ತಮ್ಮ ಕಾಲದ ಅತಿ ದೊಡ್ಡ ತಾರೆಗಳಲ್ಲಿ ಒಬ್ಬರು. ಅವರು ಕಾಲಿಟ್ಟಲ್ಲಿ ಕ್ಯಾಮೆರಾ ಹೋಗುತ್ತದೆ. ಹೀಗಾಗಿ ಸೋಲುತ್ತಿದ್ದಾಗಲೂ ಕೊಲರಾಡೊವನ್ನು ದೇಶ ನೋಡಿತು, ಗೆಲ್ಲುವ ಬಾಯ್ಸಿಯನ್ನು ಹಲವರು ಅಂಕಿಅಂಶಗಳ ಪಟ್ಟಿಯಲ್ಲಷ್ಟೇ ನೋಡಿದರು. ಕಾಲೇಜಿನ ಹೆಸರಿಗಿಂತ ಕಣ್ಣಿಗೆ ಬೀಳುವ ಅವಕಾಶವೇ ಹೆಚ್ಚು ಕೆಲಸ ಮಾಡುತ್ತದೆ, ಆ ಅವಕಾಶವನ್ನು ಹಂಚುವವರು ಆಟಗಾರರಲ್ಲ.

ಇದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅಮೆರಿಕದ ಪೂರ್ವ ಕರಾವಳಿಯ ಪತ್ರಿಕೆಯೊಂದರ ಕ್ರೀಡಾ ವಿಭಾಗದಲ್ಲಿ ಕೆಲವು ವರ್ಷ ರಾತ್ರಿ ಪಾಳಿಯಲ್ಲಿ ಪುಟ ಕಟ್ಟುವ ಕೆಲಸ ಮಾಡಿದ್ದೆ. ಬಾಯ್ಸಿಯ ಗಡಿಯಾರ ನ್ಯೂಯಾರ್ಕಿಗಿಂತ ಎರಡು ಗಂಟೆ ಹಿಂದೆ ಇದೆ. ಅಲ್ಲಿ ರಾತ್ರಿ ಎಂಟಕ್ಕೆ ಆರಂಭವಾದ ಪಂದ್ಯ ನಮಗೆ ಹತ್ತಕ್ಕೆ ಆರಂಭವಾಗಿ ಒಂದೂವರೆಯ ಹೊತ್ತಿಗೆ ಮುಗಿಯುತ್ತಿತ್ತು. ಮೊದಲ ಆವೃತ್ತಿಯ ಪುಟ ಹನ್ನೊಂದಕ್ಕೆ ಮುದ್ರಣಕ್ಕೆ ಹೋಗಬೇಕು. ಶನಿವಾರ ರಾತ್ರಿ ಫಲಿತಾಂಶಗಳ ಪಟ್ಟಿಯಲ್ಲಿ ಅಲಬಾಮಾ, ಓಹಾಯೊ ಸ್ಟೇಟ್, ಫ್ಲೋರಿಡಾ ತಂಡಗಳ ಮುಂದೆ ಅಂಕಗಳು, ಸಾಧಕರ ಹೆಸರುಗಳು ಎಲ್ಲವೂ ಇರುತ್ತಿದ್ದವು. ಪಶ್ಚಿಮದ ತಂಡಗಳ ಹೆಸರಿನ ಮುಂದೆ ಪಂದ್ಯ ಇನ್ನೂ ಮುಗಿದಿಲ್ಲ ಎಂಬರ್ಥದ ಒಂದು ಪದವಷ್ಟೇ. ಅದನ್ನು ಟೈಪ್ ಮಾಡಿ ಪುಟವನ್ನು ಬಿಟ್ಟುಕೊಟ್ಟ ಕೈ ನನ್ನದೂ ಹೌದು. ಭಾನುವಾರ ಮಧ್ಯಾಹ್ನಕ್ಕೆ ವೃತ್ತಿಪರ ಪಂದ್ಯಗಳು ಶುರು, ಸೋಮವಾರದ ಪುಟವೆಲ್ಲ ಅವುಗಳಿಗೆ. ಶನಿವಾರ ರಾತ್ರಿ ಪಶ್ಚಿಮದಲ್ಲಿ ಒಬ್ಬ ಹುಡುಗ ಇನ್ನೂರು ಗಜ ಓಡಿದ್ದನ್ನು ನಮ್ಮ ಓದುಗರಿಗೆ ಹೇಳುವ ಜಾಗವೇ ಸಿಗದೆ ವಾರಗಳು ಕಳೆಯುತ್ತಿದ್ದವು. ಆ ಕೊಠಡಿಯಲ್ಲಿ ಯಾರೊಬ್ಬರಿಗೂ ಪಶ್ಚಿಮದ ತಂಡಗಳ ಮೇಲೆ ದ್ವೇಷವಿರಲಿಲ್ಲ. ನಿದ್ದೆ, ಗಡುವು, ಪುಟದ ಅಳತೆ ಇವೇ ಸಾಕಾಗಿದ್ದವು.

ಇಂದು ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆ, ಹಾಗಾಗಿ ಈ ತೊಂದರೆ ಮುಗಿಯಿತು ಎಂದು ಹಲವರು ಹೇಳುತ್ತಾರೆ. ಹೈಲೈಟ್ ಸಿಗುತ್ತದೆ, ನಿಜ. ಆದರೆ ಇಪ್ಪತ್ತು ಸೆಕೆಂಡಿನ ತುಣುಕಿನಲ್ಲಿ ಎಪ್ಪತ್ತು ಗಜದ ಓಟ ಕಾಣುತ್ತದೆಯೇ ಹೊರತು, ಮೂರನೇ ಯತ್ನದಲ್ಲಿ (ಹತ್ತು ಗಜ ಮುನ್ನಡೆಯಲು ತಂಡಕ್ಕೆ ನಾಲ್ಕು ಯತ್ನಗಳಿರುತ್ತವೆ) ಎರಡು ಗಜ ಬೇಕಾದಾಗ ಹಿಂದಕ್ಕೆ ತಳ್ಳಲ್ಪಟ್ಟರೂ ಕಾಲು ಬಿಡದೆ ಮೂರು ಗಜ ಕಿತ್ತುಕೊಂಡ ಓಟ ಕಾಣುವುದಿಲ್ಲ. ಮೇಲಾಗಿ ಯಾವ ಪಂದ್ಯವನ್ನು ಯಾವ ಹೊತ್ತಿಗೆ ತೋರಿಸಬೇಕೆಂದು ನಿರ್ಧರಿಸುವವರು ಪ್ರಸಾರ ಸಂಸ್ಥೆಗಳು, ಮತ್ತು ಅವರ ಹಣ ಎಲ್ಲಿ ತೊಡಗಿದೆಯೋ ಅಲ್ಲಿ ಅವರ ಮಾತೂ ಹೆಚ್ಚು. ಬಿಗ್ ಟೆನ್ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಸಂಸ್ಥೆಗಳೊಂದಿಗೆ 2022ರಲ್ಲಿ ಮಾಡಿಕೊಂಡ ಏಳು ವರ್ಷಗಳ ಒಪ್ಪಂದದ ಮೌಲ್ಯ 700 ಕೋಟಿ ಡಾಲರಿಗೂ ಹೆಚ್ಚೆಂದು ವರದಿಯಾಗಿತ್ತು. ಮೌಂಟನ್ ವೆಸ್ಟ್ ಅದಕ್ಕೆ ಎರಡು ವರ್ಷ ಮೊದಲು ಮಾಡಿಕೊಂಡ ಆರು ವರ್ಷಗಳ ಒಪ್ಪಂದದ ಮೌಲ್ಯ 27 ಕೋಟಿ ಡಾಲರ್. ಎಸ್‌ಇಸಿಯ ಹೆಸರಿನದೇ ಚಾನೆಲ್ ಇಎಸ್‌ಪಿಎನ್ ಒಡೆತನದಲ್ಲಿ 2014ರಿಂದ ನಡೆಯುತ್ತಿದೆ. ಹೀಗಿರುವಾಗ ವಾರವಿಡೀ ನಡೆಯುವ ಚರ್ಚೆಯಲ್ಲಿ ಯಾವ ಕಾಲೇಜಿನ ಹೆಸರು ಹೆಚ್ಚು ಕೇಳುತ್ತದೆ ಎಂಬುದಕ್ಕೆ ಯಾರೂ ಯಾರಿಗೂ ಆದೇಶ ಕೊಡಬೇಕಿಲ್ಲ. ತಾನು ಕೊಂಡ ಸರಕನ್ನು ಅಂಗಡಿಯವನು ಮುಂದಿನ ಸಾಲಿನಲ್ಲಿ ಇಟ್ಟೇ ಇಡುತ್ತಾನೆ.

ನಾನು ಮೊದಲು ಹೇಳಿದ ತೂಕದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಜವಾದ ಗಾಯ ಅಲ್ಲಿದೆ. 2010ರ ಸೆಪ್ಟೆಂಬರ್ 6ರಂದು ಬಾಯ್ಸಿ ಸ್ಟೇಟ್ ದೇಶದ ಇನ್ನೊಂದು ತುದಿಗೆ, ಮೇರಿಲ್ಯಾಂಡಿಗೆ ಹೋಗಿ, ಆಗ 10ನೇ ಸ್ಥಾನದಲ್ಲಿದ್ದ ವರ್ಜೀನಿಯಾ ಟೆಕ್ ತಂಡವನ್ನು 33-30ರಿಂದ ಸೋಲಿಸಿತು. ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಕೆಲನ್ ಮೂರ್ ಪಂದ್ಯದ ಕೊನೆಯ ಘಟ್ಟದಲ್ಲಿ ತಂಡವನ್ನು ಮುಂದಕ್ಕೆ ಒಯ್ದು ಗೆಲುವಿನ ಟಚ್‌ಡೌನ್ ಎಸೆದರು. ಐದು ದಿನ ಕಳೆದ ಮೇಲೆ ಅದೇ ವರ್ಜೀನಿಯಾ ಟೆಕ್, ಕೆಳವಿಭಾಗದ ಜೇಮ್ಸ್ ಮ್ಯಾಡಿಸನ್ ತಂಡಕ್ಕೆ 21-16ರಿಂದ ಸೋತಿತು. ಮರುದಿನದಿಂದಲೇ ‘ಬಾಯ್ಸಿಯ ಗೆಲುವಿಗೆ ಬೆಲೆ ಇಲ್ಲ’ ಎಂಬ ಮಾತು ಹಬ್ಬಿತು. ಆಮೇಲೆ ಆದದ್ದೇನು? ವರ್ಜೀನಿಯಾ ಟೆಕ್ ಸತತ ಹನ್ನೊಂದು ಪಂದ್ಯ ಗೆದ್ದು ಎಸಿಸಿ ಚಾಂಪಿಯನ್ ಆಯಿತು. ತೆಗೆದುಕೊಂಡ ಬೆಲೆಯನ್ನು ಯಾರೂ ಅದೇ ಉತ್ಸಾಹದಿಂದ ಬಾಯ್ಸಿಗೆ ಹಿಂದಿರುಗಿಸಲಿಲ್ಲ. ಅಲಬಾಮಾ ಅಥವಾ ಓಹಾಯೊ ಸ್ಟೇಟ್‌ಗೆ ಸೋತ ತಂಡವೊಂದು ಮುಂದಿನ ವಾರ ಎಡವಿದರೆ, ‘ಹಿಂದಿನ ವಾರದ ಪೆಟ್ಟಿನಿಂದ ಅವರು ಚೇತರಿಸಿಕೊಂಡಿಲ್ಲ’ ಎಂದು ಬರೆಯುವುದನ್ನು ನಾನು ಎಷ್ಟೋ ಸಲ ಓದಿದ್ದೇನೆ.

ಅದೇ ವರ್ಷದ ನವೆಂಬರಿನಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಅಂದಿನ ಅಧ್ಯಕ್ಷ ಗಾರ್ಡನ್ ಜೀ, ಬಾಯ್ಸಿ ಸ್ಟೇಟ್ ಮತ್ತು ಆಗ ಮೌಂಟನ್ ವೆಸ್ಟ್‌ನಲ್ಲಿದ್ದ ಟಿಸಿಯು (ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ತಂಡಗಳನ್ನು ಉದ್ದೇಶಿಸಿ, ನಾವು ಬಡವರ ಸೇವೆ ಮಾಡುವ ಸನ್ಯಾಸಿನಿಯರ ತಂಡಗಳೊಂದಿಗೆ ಆಡುವವರಲ್ಲ ಎಂಬರ್ಥದ ಮಾತಾಡಿದರು. ಎರಡು ತಿಂಗಳೊಳಗೆ, 2011ರ ಜನವರಿ 1ರಂದು, ಟಿಸಿಯು ರೋಸ್ ಬೌಲ್‌ನಲ್ಲಿ ಬಿಗ್ ಟೆನ್‌ನ ವಿಸ್ಕಾನ್ಸಿನ್ ತಂಡವನ್ನು 21-19ರಿಂದ ಸೋಲಿಸಿತು. ಜೀ ಪತ್ರಕರ್ತರಲ್ಲ, ನಿಜ. ಆದರೆ ಅಷ್ಟು ದೊಡ್ಡ ಸ್ಥಾನದಲ್ಲಿದ್ದವರು ಬಾಯಿಬಿಟ್ಟು ಹೇಳಿದ್ದನ್ನು ಹಲವು ಬರಹಗಾರರು ಬಾಯಿಬಿಡದೆ ತಮ್ಮ ಶ್ರೇಯಾಂಕದ ಪಟ್ಟಿಯಲ್ಲಿ ಬರೆಯುತ್ತಿದ್ದರು.

ಇನ್ನೊಂದು ಬಗೆಯೂ ಇದೆ, ಅದು ಹೊಗಳಿಕೆಯ ವೇಷದಲ್ಲಿ ಬರುತ್ತದೆ. 2007ರ ಜನವರಿ 1ರ ಫಿಯೆಸ್ಟಾ ಬೌಲ್‌ನಲ್ಲಿ ಬಾಯ್ಸಿ ಸ್ಟೇಟ್ ಒಕ್ಲಹೋಮಾ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 43-42ರಿಂದ ಸೋಲಿಸಿದ ಪಂದ್ಯವನ್ನು ನಿಮ್ಮ ಊರಿನಲ್ಲಿ ಕೇಳದವರಿಲ್ಲ. ನಾಲ್ಕನೇ ಯತ್ನ, ಬೇಕಾದದ್ದು 18 ಗಜ, ಗಡಿಯಾರದಲ್ಲಿ ಉಳಿದದ್ದು ಕೆಲವೇ ಸೆಕೆಂಡು; ಚೆಂಡು ಹಿಡಿದವನು ಪಕ್ಕದಿಂದ ಓಡಿಬಂದ ಜೊತೆಗಾರನಿಗೆ ಅದನ್ನು ದಾಟಿಸಿದ, ಅವನು ಟಚ್‌ಡೌನ್ ಮಾಡಿದ. ಕೊನೆಯಲ್ಲಿ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಜಬ್ರಾನ್ಸ್ಕಿ ಬಲಗೈಯಿಂದ ಎಸೆಯುವಂತೆ ನಟಿಸಿ, ಎಡಗೈಯಲ್ಲಿದ್ದ ಚೆಂಡನ್ನು ಬೆನ್ನ ಹಿಂದಿನಿಂದ ಇಯಾನ್ ಜಾನ್ಸನ್‌ಗೆ ಕೊಟ್ಟರು, ಜಾನ್ಸನ್ ಖಾಲಿ ಮೂಲೆಗೆ ಓಡಿ ಪಂದ್ಯ ಗೆದ್ದರು. ನಂತರ ಮೈದಾನದಲ್ಲೇ ಮೊಣಕಾಲೂರಿ ಗೆಳತಿಗೆ ಮದುವೆಯ ಪ್ರಸ್ತಾಪ. ಎಂಥ ದೃಶ್ಯ! ಆದರೆ ಇಷ್ಟು ವರ್ಷಗಳಿಂದ ಆ ಪಂದ್ಯವೆಂದರೆ ಕೈಚಳಕ ಮತ್ತು ಕಾಗಕ್ಕ ಗುಬ್ಬಕ್ಕನ ಕಥೆ ಎಂಬಂತೆ ಹೇಳುತ್ತ ಬಂದಿದ್ದಾರೆ. ಆ ತಂಡದ ದಾಳಿಯ ಮುಂಚೂಣಿಯಲ್ಲಿ ನಿಂತು ಕ್ವಾರ್ಟರ್‌ಬ್ಯಾಕನ್ನು ಕಾಯುತ್ತಿದ್ದ ರಯನ್ ಕ್ಲೇಡಿ 2008ರ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ) 12ನೆಯವರಾಗಿ ಆಯ್ಕೆಯಾದರು ಎಂಬುದು ಆ ಕಥೆಯಲ್ಲಿ ಬರುವುದೇ ಇಲ್ಲ. 13-0ರಿಂದ ಋತು ಮುಗಿಸಿ, ಅತ್ಯುನ್ನತ ವಿಭಾಗದಲ್ಲಿ ಅಜೇಯವಾಗಿ ಉಳಿದ ಏಕೈಕ ತಂಡವಾಗಿದ್ದರೂ, ಎಪಿ ಸುದ್ದಿಸಂಸ್ಥೆಯ ಕೊನೆಯ ಶ್ರೇಯಾಂಕದಲ್ಲಿ ಅವರಿಗೆ ಸಿಕ್ಕಿದ್ದು 5ನೇ ಸ್ಥಾನ. ಎಪಿ ಶ್ರೇಯಾಂಕವನ್ನೂ ಪತ್ರಕರ್ತರೇ ಮಾಡುತ್ತಾರೆ. ಅದ್ಭುತ ಎಂದು ಕರೆದುಬಿಟ್ಟರೆ ಸಮರ್ಥರು ಎಂದು ಒಪ್ಪಿಕೊಳ್ಳಬೇಕಾದ ಅಗತ್ಯ ತಪ್ಪುತ್ತದೆ. ಈ ಮಾತು ಕಠಿಣವೆನಿಸಬಹುದು, ಆದರೂ ಹೇಳುತ್ತೇನೆ.

ಜೆಂಟಿಯ ಋತುವಿನಲ್ಲೂ ಇದೇ ತಕ್ಕಡಿ ಕೆಲಸ ಮಾಡಿತು. 2024ರ ಸೆಪ್ಟೆಂಬರ್ 7ರಂದು ಆರೆಗನ್ ತಂಡದ ತವರಿನಲ್ಲಿ ಅವರು 192 ಗಜ ಓಡಿ ಮೂರು ಟಚ್‌ಡೌನ್ ಗಳಿಸಿದರು; ಬಾಯ್ಸಿ 37-34ರಿಂದ, ಕೊನೆಯ ಒದೆತದಲ್ಲಿ ಸೋತಿತು. ಆರೆಗನ್ ಮುಂದೆ ಒಂದೂ ಪಂದ್ಯ ಸೋಲದೆ ಪ್ಲೇಆಫ್‌ಗೆ ಮೊದಲ ಶ್ರೇಯಾಂಕದೊಂದಿಗೆ ಬಂತು. ಅಂದರೆ ದೇಶದ ಅಗ್ರ ತಂಡದ ವಿರುದ್ಧ, ಅವರದೇ ಅಂಗಳದಲ್ಲಿ, ಆ ಆಟ ಬಂದಿತ್ತು. ಡಿಸೆಂಬರ್ 31ರಂದು ಪೆನ್ ಸ್ಟೇಟ್ ವಿರುದ್ಧ ಅವರು 30 ಓಟಗಳಲ್ಲಿ 104 ಗಜಕ್ಕೆ ಸೀಮಿತರಾದರು, ಚೆಂಡನ್ನೂ ಕೈಬಿಟ್ಟರು, ತಂಡ 31-14ರಿಂದ ಸೋತಿತು. ಆ ರಾತ್ರಿಯೇ ‘ನಿಜವಾದ ಎದುರಾಳಿ ಸಿಕ್ಕಾಗ ಬಣ್ಣ ಬಯಲಾಯಿತು’ ಎಂಬ ಧಾಟಿಯ ಮಾತುಗಳು ಶುರುವಾದವು. ಪೆನ್ ಸ್ಟೇಟ್ ನಿಜವಾದ ಎದುರಾಳಿಯಾದರೆ ಆರೆಗನ್ ಏನು? ಇಬ್ಬರೂ ಬಿಗ್ ಟೆನ್‌ನವರೇ, ಅದರಲ್ಲಿ ಆರೆಗನ್ ಆ ವರ್ಷ ಬಿಗ್ ಟೆನ್ ಫೈನಲ್‌ನಲ್ಲಿ ಪೆನ್ ಸ್ಟೇಟನ್ನೇ ಸೋಲಿಸಿತ್ತು. ಎರಡು ಪಂದ್ಯಗಳಲ್ಲಿ ಒಂದನ್ನು ಮಾತ್ರ ಪ್ರಮಾಣವೆಂದು ಆರಿಸಿಕೊಂಡದ್ದು ಯಾವ ನ್ಯಾಯದಿಂದ ಎಂದು ಬರೆದವರನ್ನು ಕೇಳಬೇಕು.

ಕಾನ್ಫರೆನ್ಸ್ ಎಂಬ ಹಣೆಪಟ್ಟಿಯೊಂದೇ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂದು ತಿಳಿಯಲು ಟಿಸಿಯು ಒಳ್ಳೆಯ ಉದಾಹರಣೆ, ಏಕೆಂದರೆ ಅದೇ ಊರು, ಅದೇ ಕಾಲೇಜು, ಪಟ್ಟಿ ಮಾತ್ರ ಬದಲಾಯಿತು. 2010ರಲ್ಲಿ ಮೌಂಟನ್ ವೆಸ್ಟ್‌ನಲ್ಲಿದ್ದಾಗ ಆ ತಂಡ ಸಾಮಾನ್ಯ ಋತುವನ್ನು 12-0ರಿಂದ ಮುಗಿಸಿತು. ಕ್ವಾರ್ಟರ್‌ಬ್ಯಾಕ್ ಆ್ಯಂಡಿ ಡಾಲ್ಟನ್ ಹೈಸ್ಮನ್‌ನ ಅಂತಿಮ ನಾಲ್ವರಲ್ಲಿ ಇರಲಿಲ್ಲ. 2012ರಲ್ಲಿ ಟಿಸಿಯು ಬಿಗ್ 12 ಸೇರಿತು. 2022ರಲ್ಲಿ ಮತ್ತೆ ಸಾಮಾನ್ಯ ಋತು 12-0. ಈ ಸಲ ಕ್ವಾರ್ಟರ್‌ಬ್ಯಾಕ್ ಮ್ಯಾಕ್ಸ್ ಡಗನ್‌ಗೆ ಹೈಸ್ಮನ್‌ನಲ್ಲಿ ಎರಡನೇ ಸ್ಥಾನ. ಡಗನ್ ಎಸೆದ ಗಜಗಳು ಡಾಲ್ಟನ್‌ಗಿಂತ ಹೆಚ್ಚಿದ್ದವು, ಆಡಿದ ಎದುರಾಳಿಗಳೂ ಒಟ್ಟಾರೆ ಗಟ್ಟಿಯಾಗಿದ್ದರು, ಆದ್ದರಿಂದ ಇದನ್ನು ಕಣ್ಣುಮುಚ್ಚಿ ಹೋಲಿಸಬಾರದು. ಆದರೆ ಹಣೆಪಟ್ಟಿ ನೋಡದೆ ಗಂಟೆಗಟ್ಟಲೆ ಚಿತ್ರೀಕರಣ ನೋಡುವ ವೃತ್ತಿಪರ ತಂಡಗಳು ಡಾಲ್ಟನ್‌ರನ್ನು ಎರಡನೇ ಸುತ್ತಿನಲ್ಲಿ, 35ನೆಯವರಾಗಿ ಆರಿಸಿದವು. ಡಗನ್‌ರನ್ನು ಏಳನೇ ಸುತ್ತಿನವರೆಗೆ ಯಾರೂ ಮುಟ್ಟಲಿಲ್ಲ.

ಇದು ಇಂದು ನಿನ್ನೆಯದಲ್ಲ. 1956ರ ಹೈಸ್ಮನ್ ಗೆದ್ದವರು ನೋಟರ್ ಡೇಮ್‌ನ ಪಾಲ್ ಹಾರ್ನಂಗ್. ಆ ವರ್ಷ ಅವರ ತಂಡ ಎರಡು ಪಂದ್ಯ ಗೆದ್ದು ಎಂಟು ಸೋತಿತ್ತು, ಅವರು ಎಸೆದದ್ದು 3 ಟಚ್‌ಡೌನ್, ಎದುರಾಳಿಯ ಕೈಗೆ ಕೊಟ್ಟದ್ದು 13 ಚೆಂಡು. ಅದೇ ವರ್ಷ ಸಿರಕ್ಯೂಸ್ ಕಾಲೇಜಿನ ಜಿಮ್ ಬ್ರೌನ್ ಕೊಲ್ಗೇಟ್ ವಿರುದ್ಧದ ಒಂದೇ ಪಂದ್ಯದಲ್ಲಿ 43 ಅಂಕ ಗಳಿಸಿದ್ದರು, ಅವರಿಗೆ ಸಿಕ್ಕಿದ್ದು ಐದನೇ ಸ್ಥಾನ. ಅಲ್ಲಿ ಕಾಲೇಜಿನ ಹೆಸರಿನ ಜೊತೆಗೆ ಚರ್ಮದ ಬಣ್ಣವೂ ಕೆಲಸ ಮಾಡಿತ್ತು; ಕಪ್ಪು ಆಟಗಾರರೊಬ್ಬರು ಮೊದಲ ಬಾರಿಗೆ ಹೈಸ್ಮನ್ ಪಡೆದದ್ದು 1961ರಲ್ಲಿ, ಸಿರಕ್ಯೂಸ್‌ನವರೇ ಆದ ಅರ್ನಿ ಡೇವಿಸ್. ಪಶ್ಚಿಮ ಕರಾವಳಿಯ ಕಾಲೇಜಿಗೆ ಆ ಟ್ರೋಫಿ ಮೊದಲು ಬಂದದ್ದು 1962ರಲ್ಲಿ, ಟ್ರೋಫಿ ಆರಂಭವಾಗಿ 27 ವರ್ಷಗಳಾದ ಮೇಲೆ. 1992ರಲ್ಲಿ ಸ್ಯಾನ್ ಡಿಯೇಗೊ ಸ್ಟೇಟ್‌ನ ಮಾರ್ಷಲ್ ಫಾಕ್ ಓಟದಲ್ಲಿ ದೇಶಕ್ಕೇ ಮೊದಲಿಗರಾಗಿದ್ದರೂ ಟ್ರೋಫಿ ಮಯಾಮಿಯ ಜೀನೊ ಟೊರೆಟಾಗೆ ಹೋಯಿತು.

ಇಷ್ಟು ಹೇಳಿದ ಮೇಲೆ ನಿಮ್ಮ ಮಗಳು ಇನ್ನೊಂದು ಬದಿಯನ್ನೂ ಕೇಳಬೇಕು. ಎದುರಾಳಿಗಳ ಮಟ್ಟದ ಪ್ರಶ್ನೆ ಸುಳ್ಳಲ್ಲ. ಪ್ರತಿ ಶನಿವಾರ ನೂರಮೂವತ್ತು ಕಿಲೋ ತೂಕದ, ಮುಂದೆ ವೃತ್ತಿಪರರಾಗುವ ರಕ್ಷಕರ ಗೋಡೆಗೆ ಡಿಕ್ಕಿ ಹೊಡೆದು ಪಡೆದ ನೂರು ಗಜವೂ ದುರ್ಬಲ ತಂಡದ ವಿರುದ್ಧ ಪಡೆದ ನೂರು ಗಜವೂ ಒಂದೇ ಅಲ್ಲ, ಇದನ್ನು ಕೇಳುವ ಪತ್ರಕರ್ತರು ತಮ್ಮ ಕೆಲಸ ಮಾಡುತ್ತಿದ್ದಾರೆ. ಹಾಗೆಯೇ ಪ್ರತಿ ನಿರಾಸೆಯನ್ನೂ ಪಕ್ಷಪಾತದ ಖಾತೆಗೆ ಬರೆಯುವುದು ತಪ್ಪು. ಕೆಲನ್ ಮೂರ್ ಕಾಲೇಜಿನಲ್ಲಿ 50 ಗೆದ್ದು ಮೂರೇ ಮೂರು ಪಂದ್ಯ ಸೋತವರು, ಆ ಮೂರು ಸೋಲುಗಳ ಒಟ್ಟು ಅಂತರ 5 ಅಂಕ. ಆದರೂ 2012ರ ಡ್ರಾಫ್ಟ್‌ನಲ್ಲಿ ಅವರನ್ನು ಯಾರೂ ಆರಿಸಲಿಲ್ಲ. ಬಾಯ್ಸಿಯವರೆಂಬ ಕಾರಣಕ್ಕೆ ಬಿಟ್ಟರು ಎಂದು ಆಗ ಹಲವರು ಹೇಳಿದರು. ಆದರೆ ಅದೇ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಬಾಯ್ಸಿಯ ಶೇ ಮೆಕ್‌ಕ್ಲೆಲನ್ 19ನೆಯವರಾಗಿ, ಡಗ್ ಮಾರ್ಟಿನ್ 31ನೆಯವರಾಗಿ ಹೋದರು. ಮೂರ್ ಅವರ ಎತ್ತರ ಮತ್ತು ತೋಳಿನ ಬಲ ವೃತ್ತಿಪರ ಆಟಕ್ಕೆ ಸಾಲದು ಎಂಬ ಅಳುಕು ಅವರನ್ನು ತಡೆಯಿತು. ಆಟವನ್ನು ಓದುವ ಅವರ ಬುದ್ಧಿ ಎಂಥದ್ದೆಂದು 2025ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡ ಅವರನ್ನು ಮುಖ್ಯ ಕೋಚ್ ಆಗಿ ನೇಮಿಸಿದಾಗ ಎಲ್ಲರಿಗೂ ತಿಳಿಯಿತು. ಜೆಂಟಿಯನ್ನು ಅದೇ ವರ್ಷ ಲಾಸ್ ವೇಗಸ್ ರೇಡರ್ಸ್ 6ನೆಯವರಾಗಿ ಆರಿಸಿತು. ಬಾಯ್ಸಿಯ ಇತಿಹಾಸದಲ್ಲಿ ಅದಕ್ಕಿಂತ ಮೇಲಿನ ಆಯ್ಕೆ ಇಲ್ಲ.

ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ ನಾನು ವಿದ್ಯಾರ್ಥಿಗಳಿಂದ ಮಾಡಿಸುವ ಒಂದು ಅಭ್ಯಾಸವನ್ನು ಹೇಳುತ್ತೇನೆ, ನಿಮ್ಮ ಮಗಳಿಗೆ ಉಪಯೋಗವಾಗಬಹುದು. ಒಂದೇ ವಾರದಲ್ಲಿ ಬಾಯ್ಸಿಯ ಒಬ್ಬ ಆಟಗಾರನ ಬಗ್ಗೆ, ಎಸ್‌ಇಸಿಯ ಒಬ್ಬ ಆಟಗಾರನ ಬಗ್ಗೆ ಬಂದ ವರದಿಗಳನ್ನು ತೆಗೆದುಕೊಂಡು, ಹೆಸರುಗಳನ್ನು ಅದಲುಬದಲು ಮಾಡಿ ಗಟ್ಟಿಯಾಗಿ ಓದಬೇಕು. ಯಾವ ವಾಕ್ಯ ಕಿವಿಗೆ ಒಗ್ಗುವುದಿಲ್ಲವೋ ಅದಕ್ಕೆ ಗುರುತು ಹಾಕಬೇಕು. ಎದುರಾಳಿ ದುರ್ಬಲ ಎಂಬ ಮಾತು ಒಬ್ಬನ ವರದಿಯ ಮೊದಲ ಸಾಲಿನಲ್ಲೇ ಬಂದು ಇನ್ನೊಬ್ಬನ ವರದಿಯಲ್ಲಿ ಕಾಣೆಯಾಗಿದ್ದರೆ, ಇಬ್ಬರೂ ಅಂದು ದುರ್ಬಲರ ಎದುರೇ ಆಡಿದ್ದರೆ, ಅಲ್ಲಿ ಕೋಲು ಎರಡಾಗಿದೆ. ‘ಸಿಸ್ಟಮ್ ಆಟಗಾರ’ ಎಂಬ ಪದವನ್ನು ವಿಶೇಷವಾಗಿ ಗಮನಿಸಬೇಕು: ಕೋಚ್ ಹಾಕಿಕೊಟ್ಟ ಪದ್ಧತಿಯಿಂದ ಅಂಕಿಗಳು ಬಂದವು, ಹುಡುಗನಿಂದಲ್ಲ ಎಂದು ಅದರ ಅರ್ಥ. ದೊಡ್ಡ ಕಾಲೇಜಿನಲ್ಲಿ ಅದೇ ಪದ್ಧತಿಯನ್ನು ಕೋಚ್‌ನ ಪ್ರತಿಭೆ ಎಂದೂ ಆಟಗಾರನ ಶಿಸ್ತು ಎಂದೂ ಎರಡು ಕಡೆ ಹೊಗಳುತ್ತಾರೆ. ನನ್ನ ವಿದ್ಯಾರ್ಥಿಯೊಬ್ಬಳು ಈ ಅಭ್ಯಾಸ ಮಾಡುತ್ತಿದ್ದಾಗ, ತಾನೇ ಹಿಂದಿನ ವರ್ಷ ಬರೆದಿದ್ದ ವರದಿಯೊಂದಕ್ಕೆ ಆರು ಗುರುತು ಹಾಕಿಕೊಂಡಳು. ಅಂದಿನಿಂದ ಆಕೆಯ ಬರವಣಿಗೆ ಬದಲಾದದ್ದನ್ನು ನಾನು ಕಣ್ಣಾರೆ ನೋಡಿದೆ.

ಬಾಯ್ಸಿಯ ಜೆಂಟಿಗಿಂತಲೂ ಹೆಚ್ಚಾಗಿ ಆಕೆ ತಿಳಿದುಕೊಳ್ಳಬೇಕಾದ ಹೆಸರು ಬಿಲ್ ನನ್. ಪಿಟ್ಸ್‌ಬರ್ಗ್ ಕುರಿಯರ್ ಎಂಬ ಕಪ್ಪು ಜನರ ಪತ್ರಿಕೆಯಲ್ಲಿ ಅವರು ಕ್ರೀಡಾ ಸಂಪಾದಕರಾಗಿದ್ದರು. ದೊಡ್ಡ ಪತ್ರಿಕೆಗಳು ತಿರುಗಿಯೂ ನೋಡದ ಕಪ್ಪು ಕಾಲೇಜುಗಳ ಶ್ರೇಷ್ಠ ತಂಡವನ್ನು ಅವರ ಪತ್ರಿಕೆ ಪ್ರತಿವರ್ಷ ಆರಿಸಿ ಪ್ರಕಟಿಸುತ್ತಿತ್ತು. ಅದಕ್ಕಾಗಿ ನನ್ ಊರೂರು ಅಲೆದು ಪಂದ್ಯ ನೋಡುತ್ತಿದ್ದರು, ಕೋಚ್‌ಗಳ ಮನೆಗಳಲ್ಲಿ ಊಟ ಮಾಡುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಆಟಗಾರರನ್ನು ಹುಡುಕುವ ಕೆಲಸಕ್ಕೆ ಅವರನ್ನು ಸೇರಿಸಿಕೊಂಡಿತು. ಸದರ್ನ್ ವಿಶ್ವವಿದ್ಯಾಲಯದ ಮೆಲ್ ಬ್ಲೌಂಟ್, ಅರ್ಕಾನ್ಸಾದ ಚಿಕ್ಕ ಕಾಲೇಜೊಂದರ ಎಲ್.ಸಿ. ಗ್ರೀನ್‌ವುಡ್, 1974ರಲ್ಲಿ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಸೌತ್ ಕ್ಯಾರೊಲಿನಾ ಸ್ಟೇಟ್‌ನ ಡೊನಿ ಶೆಲ್, ಇಂಥವರನ್ನು ಅವರ ಕಣ್ಣು ಕಂಡಿತು. 1974ರಿಂದ 1979ರವರೆಗಿನ ಆರು ಋತುಗಳಲ್ಲಿ ಸ್ಟೀಲರ್ಸ್ ವೃತ್ತಿಪರ ಆಟದ ಫೈನಲ್ ಆದ ಸೂಪರ್ ಬೌಲನ್ನು ನಾಲ್ಕು ಬಾರಿ ಗೆದ್ದಿತು.

ಅವರ ಬಗ್ಗೆ ಪ್ರಸಿದ್ಧವಾದ ಒಂದು ಪ್ರಸಂಗವಿದೆ. ಅಲಬಾಮಾ ಎ ಆ್ಯಂಡ್ ಎಂ ಕಾಲೇಜಿನ ಜಾನ್ ಸ್ಟಾಲ್‌ವರ್ತ್ ಎಂಬ ಆಟಗಾರನ ಓಟದ ವೇಗ ನೋಡಲು ಹಲವು ತಂಡಗಳವರು ಒಟ್ಟಿಗೆ ಹೋಗಿದ್ದರು. ಮಳೆ ಬಿದ್ದು ನೆಲ ಒದ್ದೆಯಾಗಿತ್ತು, ಗಡಿಯಾರದಲ್ಲಿ ಬಂದ ಸಮಯ ಸಾಧಾರಣವಾಗಿತ್ತು, ಎಲ್ಲರೂ ಅದನ್ನೇ ಬರೆದುಕೊಂಡು ಮುಂದಿನ ಊರಿಗೆ ಹೊರಟರು. ನನ್ ಮೈ ಸರಿಯಿಲ್ಲವೆಂದು ಹೇಳಿ ಅಲ್ಲೇ ಉಳಿದರು. ಆಮೇಲೆ ಸ್ಟಾಲ್‌ವರ್ತ್‌ರನ್ನು ಒಣ ನೆಲದ ಮೇಲೆ ಮತ್ತೊಮ್ಮೆ ಓಡಿಸಿ, ತಾವೊಬ್ಬರೇ ಗಡಿಯಾರ ಹಿಡಿದು ನಿಂತರು. ಸ್ಟೀಲರ್ಸ್ ಆತನನ್ನು 1974ರಲ್ಲಿ ನಾಲ್ಕನೇ ಸುತ್ತಿನಲ್ಲಿ ಆರಿಸಿತು, 2002ರಲ್ಲಿ ಆತ ವೃತ್ತಿಪರ ಫುಟ್‌ಬಾಲ್‌ನ ಶ್ರೇಷ್ಠರ ಸಾಲಾದ ಹಾಲ್ ಆಫ್ ಫೇಮ್ ಸೇರಿದರು. ನನ್ ಅವರ ಹೆಸರು ಅಲ್ಲಿಗೆ ಸೇರಿದ್ದು 2021ರಲ್ಲಿ, ಅವರು ತೀರಿಕೊಂಡು ಏಳು ವರ್ಷಗಳಾದ ಮೇಲೆ. ಮುಂದಿನ ಋತುವಿನಲ್ಲಿ ಮಗಳು ತನ್ನ ಕಾಲೇಜಿನ ಪಂದ್ಯಗಳ ಬಗ್ಗೆ ಬರೆಯುವುದಾದರೆ, ತನ್ನ ತಂಡದವರನ್ನಷ್ಟೇ ನೋಡಿ ಬರಬಾರದು. ಎದುರಿಗೆ ಬರುವ, ಬಾಯ್ಸಿಗಿಂತಲೂ ಚಿಕ್ಕ ಹೆಸರಿನ ತಂಡಗಳ ಆಟಗಾರರನ್ನೂ ಕೊನೆಯವರೆಗೆ ಕುಳಿತು ನೋಡಲಿ, ಅವರ ಊರಿನ ಪತ್ರಿಕೆಗಳನ್ನೂ ಓದಲಿ. ಬರೆದದ್ದನ್ನು ನನಗೆ ಕಳಿಸಿದರೆ ಖಂಡಿತ ಓದಿ ಉತ್ತರಿಸುತ್ತೇನೆ.